ಸಕ್ಕರೆ ಡಬ್ಬಿಗೆ ತಾರೀಕು, ಮುರುಗಲು ಶರಬತ್ತಿಗೆ ಒಂದೇ ಚಮಚ

ನಮ್ಮ ಅತ್ತೆಗೆ ಶುಗರ್. ಕಳೆದ ಬೇಸಗೆಯಲ್ಲಿ ಶಿರಸಿ ಪೇಟೆಯಿಂದ ಫ್ರಕ್ಟೋಸ್ ಪುಡಿಯ ಡಬ್ಬಿ ತಂದೆ. ‘ಹಣ್ಣಿನ ಸಕ್ಕರೆ, ಏನೂ ಆಗೋದಿಲ್ಲ’ ಅಂದಿದ್ದರು ಅಂಗಡಿಯವರು. ಬಿಸಿ ಕಾಫಿಗೆ ಒಂದು ಚಮಚ ಹಾಕಿ ಕೊಟ್ಟರೆ ಅತ್ತೆ ಮುಖ ಹಿಂಡಿದರು. ‘ಸೀನೇ ಇಲ್ಲೆ ಮಾರಾಯ್ತಿ.’ ಇನ್ನೊಂದು ಚಮಚ ಹಾಕಿದೆ. ಫ್ರಕ್ಟೋಸ್ ತಣ್ಣಗಿದ್ದರೆ ಸಕ್ಕರೆಗಿಂತ ಸಿಹಿ, ಬಿಸಿಗೆ ಬಿದ್ದರೆ ಆ ಜೋರು ಇಳಿಯುತ್ತದೆ ಅಂತ ಆಮೇಲೆ ತಿಳಿಯಿತು.

ಸಕ್ಕರೆಯಲ್ಲಿ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಗ್ಲೂಕೋಸನ್ನು ಮೈಯೆಲ್ಲಾ ಬಳಸಿಕೊಳ್ಳುತ್ತದೆ. ಫ್ರಕ್ಟೋಸ್‌ನ ಹೆಚ್ಚಿನ ಹೊರೆ ಬೀಳುವುದು ಲಿವರ್ ಮೇಲೆ. ಜಾಸ್ತಿಯಾದದ್ದನ್ನು ಅದು ಕೊಬ್ಬು ಮಾಡುತ್ತದೆ. ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು, ಯೂರಿಕ್ ಆ್ಯಸಿಡ್ ಏರಬಹುದು. ಮನೆಯ ಗ್ಲೂಕೋಮೀಟರ್ ಅಳೆಯುವುದು ಗ್ಲೂಕೋಸನ್ನು ಮಾತ್ರ. ಹಾಗಾಗಿ ಅದರಲ್ಲಿ ನಂಬರ್ ಚೆನ್ನಾಗಿ ಕಂಡರೂ ನಂಬಿ ಕೂರುವಂತಿಲ್ಲ. ಇನ್ನೊಂದು ಮಾತು: ಔಷಧಿ ತಗೊಂಡು ಶುಗರ್ ತೀರಾ ಇಳಿದಾಗ ಫ್ರಕ್ಟೋಸ್ ಕೊಟ್ಟರೆ ಬೇಗ ಏರುವುದಿಲ್ಲ, ಗ್ಲೂಕೋಸೇ ಬೇಕು.

ಹಾಗಾದರೆ ಮನೆಯಲ್ಲಿ ಸಿಹಿ ಕಡಿಮೆ ಮಾಡಲು ಎಲ್ಲಿಂದ ಶುರು ಮಾಡುವುದು?

1. ಸಕ್ಕರೆ ಡಬ್ಬಿಗೆ ತುಂಬಿದ ದಿನದ ತಾರೀಕು ಬರೆದು ಅಂಟಿಸಿ. ಬೆಲ್ಲದ ಡಬ್ಬಿಗೂ, ಜೇನಿನ ಬಾಟಲಿಗೂ. ಎಷ್ಟು ದಿನಕ್ಕೆ ಖಾಲಿಯಾಯಿತು ಅಂತ ಲೆಕ್ಕ ಸಿಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ಹೊರಗಿನಿಂದ ಸೇರಿಸುವ ಸಿಹಿ, ಜೇನು, ಜ್ಯೂಸ್ ಎಲ್ಲಾ ಕೂಡಿ ದಿನದ ಕ್ಯಾಲರಿಯ ಶೇ 10ಕ್ಕಿಂತ ಕಡಿಮೆ ಇರಬೇಕು, ಶೇ 5ಕ್ಕಿಂತ ಕೆಳಗಿದ್ದರೆ ಇನ್ನೂ ಒಳ್ಳೆಯದು. 2000 ಕ್ಯಾಲರಿ ತಿನ್ನುವವರಿಗೆ ಶೇ 5 ಅಂದರೆ 25 ಗ್ರಾಂ. ನಾಲ್ಕು ದೊಡ್ಡವರ ಮನೆಗೆ ತಿಂಗಳಿಗೆ 3 ಕಿಲೋ. ಬಿಸ್ಕತ್ತು, ಕೂಲ್ ಡ್ರಿಂಕ್ಸ್ ಕೂಡ ಇದರಲ್ಲೇ ಬಂತು. ನಮ್ಮನೆಯ ಲೆಕ್ಕ ಬರೆಯುವುದಿಲ್ಲ, ನಾಚಿಕೆ.

2. ಜೋನಿ ಬೆಲ್ಲಕ್ಕೆ, ಅಂದರೆ ನೀರು ಬೆಲ್ಲಕ್ಕೆ, ವಿನಾಯಿತಿ ಕೊಡಬೇಡಿ. ಆಲೆಮನೆಯಿಂದ ಬಂದದ್ದು ಅಂತ ನಾವು ದೋಸೆಗೆ ಧಾರಾಳವಾಗಿ ಸುರಿಯುತ್ತೇವೆ, ಅಲ್ವಾ? ಅದು ಗಟ್ಟಿಯಾಗದೆ ಇರಲು ನೀರಿನಂಶ ಒಂದು ಕಾರಣ, ಒಂದಿಷ್ಟು ಸಕ್ಕರೆ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗಿರುವುದು ಇನ್ನೊಂದು. ಜೇನಿನ ತೂಕದಲ್ಲಂತೂ ಶೇ 40ರ ಹತ್ತಿರ ಫ್ರಕ್ಟೋಸೇ.

3. ಪ್ಯಾಕೆಟ್ ತಿರುಗಿಸಿ ಓದಿ. ಯಾವುದು ಜಾಸ್ತಿ ಇದೆಯೋ ಅದರ ಹೆಸರು ಮೊದಲು. ಇನ್ವರ್ಟ್ ಸಿರಪ್ (ಒಡೆದ ಸಕ್ಕರೆಯ ಪಾಕ), ಫ್ರಕ್ಟೋಸ್, ಕಾರ್ನ್ ಸಿರಪ್ (ಜೋಳದ ಪಾಕ), ಎಲ್ಲವೂ ಸಿಹಿಯ ಲೆಕ್ಕಕ್ಕೇ.

4. ಹಣ್ಣು ಬಿಡಬೇಡಿ. ಇಡೀ ಹಣ್ಣಿನಲ್ಲಿ ನಾರಿದೆ, ಹೊಟ್ಟೆಯೂ ತುಂಬುತ್ತದೆ. ಜ್ಯೂಸ್ ಮಾಡಿದರೆ ನಾಲ್ಕು ಕಿತ್ತಳೆ ಒಂದೇ ಲೋಟದಲ್ಲಿ ಇಳಿದುಹೋಗುತ್ತದೆ.

5. ಆಸ್ರಿಗೆ, ಅಂದರೆ ಬಂದವರಿಗೆ ಕುಡಿಯಲು ಕೊಡುವುದನ್ನು, ಬದಲಿಸಿ. ನನಗೆ ಕಷ್ಟವಾದದ್ದು ಇದೇ. ಬಂದವರಿಗೆ ಮುರುಗಲು (ಕೋಕಂ) ಶರಬತ್ತು ಕೊಡದೆ ಕಳಿಸುವುದು ಹೇಗೆ? ಸಿಪ್ಪೆಗೆ ಸಕ್ಕರೆ ತುಂಬಿ ಬಿಸಿಲಿಗಿಡುವ ಸಿರಪ್ಪಿನಲ್ಲಿ ಮುರುಗಲಿಗಿಂತ ಸಕ್ಕರೆಯೇ ಜಾಸ್ತಿ. ಈಗ ಹೀಗೆ ಮಾಡುತ್ತೇನೆ: ಒಣ ಸಿಪ್ಪೆ ಎಂಟು-ಹತ್ತು ಎಸಳು, ಎರಡು ಲೋಟ ಉಗುರುಬೆಚ್ಚಗಿನ ನೀರು. ಎರಡು ತಾಸು ನೆನೆಯಲಿ. ನೀರು ಕಡುಗೆಂಪಾದ ಮೇಲೆ ಕೈಯಲ್ಲಿ ಕಿವುಚಿ ಸೋಸಿ. ಇನ್ನೆರಡು ಲೋಟ ತಣ್ಣೀರು, ಹುರಿದ ಜೀರಿಗೆ ಪುಡಿ, ಉಪ್ಪು, ಜಜ್ಜಿದ ಅರ್ಧ ಹಸಿಮೆಣಸು. ಉಪ್ಪನ್ನು ಮೊದಲೇ ಹಾಕಿ ರುಚಿ ನೋಡಿ, ಹುಳಿ ಅಲ್ಲೇ ಸ್ವಲ್ಪ ತಗ್ಗುತ್ತದೆ. ಆಮೇಲೆ ಲೋಟಕ್ಕೆ ಒಂದು ಟೀ ಚಮಚ ಜೋನಿ ಬೆಲ್ಲ, ಅಷ್ಟೇ. ಶುಗರ್ ಇದ್ದವರ ಲೋಟಕ್ಕೆ ಅದೂ ಬೇಡ. ಸಕ್ಕರೆ ಕಡಿಮೆಯಾದ್ದರಿಂದ ಇದು ಸಿರಪ್ಪಿನ ಹಾಗೆ ವರ್ಷಗಟ್ಟಲೆ ಉಳಿಯುವುದಿಲ್ಲ. ಬೆಳಗ್ಗೆ ಮಾಡಿದ್ದನ್ನು ಸಂಜೆಯೊಳಗೆ ಕುಡಿದು ಮುಗಿಸಿ.