ಮದುವೆಯ ಕ್ಯಾಸೆಟ್ಟನ್ನು ಮನೆಯ ಟಿವಿಗೆ ತರುವ ಬಗೆ

ಕಬ್ಬಿಣದ ಬೀರುವಿನ ತಳದಲ್ಲಿ ಮದುವೆಯ ವಿಎಚ್‌ಎಸ್ ಕ್ಯಾಸೆಟ್ಟು, ನಾಮಕರಣದ ವಿಸಿಡಿ, ಗೃಹಪ್ರವೇಶದ ಡಿವಿಡಿಗಳು ಒಟ್ಟಿಗೇ ಬಿದ್ದಿರುವ ಮನೆಗಳು ನಮ್ಮಲ್ಲಿ ಬಹಳ. ಅದಾದ ಮೇಲಿನದೆಲ್ಲ ಫೋನುಗಳಲ್ಲಿದೆ. ಇವನ್ನೆಲ್ಲ ಒಂದೆಡೆ ಸೇರಿಸಿ, ಬೇಕೆಂದಾಗ ಟಿವಿಯಲ್ಲಿ ನೋಡುವಂತೆ ಮಾಡುವ ಕೆಲಸಕ್ಕೆ ಕೈ ಹಾಕುವ ಮುನ್ನ ಒಂದು ಮಾತನ್ನು ಗಟ್ಟಿ ಮಾಡಿಕೊಳ್ಳಬೇಕು. ಪ್ರತಿಯೊಂದು ವಿಡಿಯೊಗೂ ಎರಡು ಪ್ರತಿಗಳಿರಬೇಕು: ಟೇಪಿನಿಂದಲೋ ಡಿಸ್ಕಿನಿಂದಲೋ ಬಂದದ್ದನ್ನು ಬಂದಂತೆಯೇ ಇಟ್ಟ ಮೂಲಪ್ರತಿ ಒಂದು, ಅದರಿಂದ ತಯಾರಿಸಿದ, ಟಿವಿಗೆ ಒಗ್ಗುವ ನೋಡುವ ಪ್ರತಿ ಇನ್ನೊಂದು. ಮೂಲಪ್ರತಿಯನ್ನು ಯಾವ ಕಾರಣಕ್ಕೂ ತಿದ್ದಬಾರದು, ಜಾಗ ಸಾಲದೆಂದು ಅಳಿಸಲೂಬಾರದು. ನೋಡುವ ಪ್ರತಿ ಕೆಟ್ಟರೆ ಇನ್ನೊಂದನ್ನು ಯಾವಾಗ ಬೇಕಾದರೂ ಮಾಡಿಕೊಳ್ಳಬಹುದು.

ಟೇಪುಗಳಿಂದಲೇ ಆರಂಭಿಸಬೇಕು, ಏಕೆಂದರೆ ಅವುಗಳಿಗೆ ಉಳಿದಿರುವ ಕಾಲ ಕಡಿಮೆ. ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ವಿಸಿಆರ್ ತಯಾರಿಕೆಯನ್ನು ನಿಲ್ಲಿಸಿದ ಮೇಲೆ ಹೊಸ ಯಂತ್ರ ಸಿಗುವ ದಾರಿಯೇ ಮುಚ್ಚಿದೆ. ರಿಪೇರಿ ಅಂಗಡಿಯಲ್ಲಿ ಸಿಕ್ಕ ಹಳೆಯದೇ ಗತಿ. ಮಲೆನಾಡಿನಲ್ಲೋ ಕರಾವಳಿಯಲ್ಲೋ ಹತ್ತಾರು ಮಳೆಗಾಲ ಕಂಡ ಕ್ಯಾಸೆಟ್ಟಾದರೆ ಮೊದಲು ಅದರ ಕಿಟಕಿಯ ಮೂಲಕ ಸುರುಳಿಯ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಬಿಳಿ ಪುಡಿಯಂಥ ಬೂಷ್ಟು ಕಂಡರೆ ಅದನ್ನು ವಿಸಿಆರ್‌ಗೆ ಹಾಕಕೂಡದು. ಬೂಷ್ಟು ಟೇಪನ್ನು ಓದುವ ಹೆಡ್ಡಿಗೆ ಅಂಟಿಕೊಂಡು, ಆಮೇಲೆ ಹಾಕುವ ಟೇಪುಗಳಿಗೂ ಹತ್ತುತ್ತದೆ. ಅಂಥದ್ದನ್ನು ಶುಚಿ ಮಾಡಬಲ್ಲವರಿಗೇ ಕೊಡುವುದು ಕ್ಷೇಮ. ಚೆನ್ನಾಗಿರುವ ಕ್ಯಾಸೆಟ್ಟಿನ ಬೆನ್ನಿನ ಅಂಚಿನಲ್ಲಿರುವ ಸಣ್ಣ ಪ್ಲಾಸ್ಟಿಕ್ ತುಣುಕನ್ನು ಮುರಿದುಬಿಡಿ. ಅದು ಇಲ್ಲದಿದ್ದರೆ ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಧಾರೆಯ ಮೇಲೆ ಬೇರೇನೂ ದಾಖಲಾಗುವುದಿಲ್ಲ. ಬಳಿಕ ಒಮ್ಮೆ ಕೊನೆಯವರೆಗೆ ಓಡಿಸಿ, ಮತ್ತೆ ಮೊದಲಿಗೆ ಸುತ್ತಿಸಿ.

ವಿಸಿಆರ್‌ನ ಹಳದಿ, ಬಿಳಿ, ಕೆಂಪು ತಂತಿಗಳನ್ನು ಕಂಪ್ಯೂಟರಿಗೆ ಜೋಡಿಸಲು ಯುಎಸ್‌ಬಿ ಕ್ಯಾಪ್ಚರ್ ಸಾಧನ ಬೇಕು. ರೆಕಾರ್ಡ್ ಮಾಡಲು ಉಚಿತವಾಗಿ ಸಿಗುವ ವರ್ಚುವಲ್‌ಡಬ್ ತಂತ್ರಾಂಶ ಸಾಕು. ಮೊದಲ ದಿನ ನನ್ನ ಪರದೆಯ ಮೇಲೆ ಚಿಕ್ಕಪ್ಪನ ಮದುವೆ ಕಪ್ಪು-ಬಿಳುಪಿನಲ್ಲಿ, ಕೆಳಗಿನಿಂದ ಮೇಲಕ್ಕೆ ಉರುಳುತ್ತಾ ಬಂತು. ಅರ್ಧ ಗಂಟೆ ವಿಸಿಆರನ್ನು ಬೈದ ಮೇಲೆ, ತಂತ್ರಾಂಶದಲ್ಲಿ ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿ ಆಯ್ಕೆಯಾಗಿರುವುದು ಕಣ್ಣಿಗೆ ಬಿತ್ತು. ನಮ್ಮಲ್ಲಿ ಚಿತ್ರಿಸಿದ ಟೇಪುಗಳು ಪಾಲ್ ಪದ್ಧತಿಯವು: 625 ಗೆರೆ, ಸೆಕೆಂಡಿಗೆ 25 ಫ್ರೇಮು. ಅದನ್ನು ಆಯ್ದು, ಅಳತೆಯನ್ನು 720×576ಕ್ಕೆ ಇಟ್ಟು, ಗುಣಮಟ್ಟ ಕಳೆಯದ ಹಫ್‌ವೈಯುವಿ ಕೊಡೆಕ್‌ನಲ್ಲಿ (ವಿಡಿಯೊವನ್ನು ಕುಗ್ಗಿಸಿಡುವ ವಿಧಾನವೇ ಕೊಡೆಕ್) ತುಂಬಿಕೊಂಡರೆ ಗಂಟೆಗೆ ಸುಮಾರು 30 ಜಿಬಿ ಹಿಡಿಯುತ್ತದೆ. ಇದು ಅತಿಯಾಯಿತು ಎನಿಸಬಹುದು. ಆದರೆ ಆ ಟೇಪು ಎರಡನೆಯ ಸಲ ಇಷ್ಟೇ ಚೆನ್ನಾಗಿ ಓಡುತ್ತದೆಂಬ ಭರವಸೆಯಿಲ್ಲ. ಮಿನಿಡಿವಿ ಟೇಪಿನ ಮಾತು ಬೇರೆ. ಅದರಲ್ಲಿರುವುದು ಈಗಾಗಲೇ ಡಿಜಿಟಲ್ ದತ್ತಾಂಶವಾದ್ದರಿಂದ, ಕ್ಯಾಮೆರಾದ ಫೈರ್‌ವೈರ್ ಕಿಂಡಿಯ ಮೂಲಕ ಗಂಟೆಗೆ ಸುಮಾರು 13 ಜಿಬಿಯಂತೆ ಇದ್ದದ್ದನ್ನು ಇದ್ದಂತೆಯೇ ನಕಲಿಸಿಕೊಳ್ಳಬೇಕು, ಹಳದಿ ತಂತಿಯ ಸಹವಾಸ ಬೇಡ.

ಡಿಸ್ಕುಗಳ ಕೆಲಸ ಸುಲಭ. ವಿಸಿಡಿಯ ಎಂಪೆಗ್‌ಎವಿ ಎಂಬ ಫೋಲ್ಡರಿನಲ್ಲಿರುವ ಡ್ಯಾಟ್ ಕಡತಗಳನ್ನು ನಕಲಿಸಿಕೊಳ್ಳಿ. ಡಿವಿಡಿಯಲ್ಲಿ ವಿಡಿಯೊ 1 ಜಿಬಿಯ ತುಂಡುಗಳಾಗಿರುತ್ತದೆ. ಮೇಕ್‌ಎಂಕೆವಿ ಎಂಬ ತಂತ್ರಾಂಶ ಅವನ್ನು ಮರುಸಂಕುಚನವಿಲ್ಲದೆ ಒಂದೇ ಎಂಕೆವಿ ಕಡತವಾಗಿ ಜೋಡಿಸುತ್ತದೆ. ಒಂದು ಡ್ರೈವ್ ಓದಲಾರದ ಗೀರುಬಿದ್ದ ಡಿಸ್ಕನ್ನು ಇನ್ನೊಂದು ಡ್ರೈವ್ ಓದುವುದುಂಟು, ಆದ್ದರಿಂದ ಪಕ್ಕದ ಮನೆಯ ಹಳೆಯ ಲ್ಯಾಪ್‌ಟಾಪಿನಲ್ಲೂ ಹಾಕಿ ನೋಡದೆ ಬಿಸಾಡಬೇಡಿ.

ಇನ್ನು ನೋಡುವ ಪ್ರತಿ. ಇದಕ್ಕೆ ಹ್ಯಾಂಡ್‌ಬ್ರೇಕ್ ತಂತ್ರಾಂಶ ಸಾಕು, ಆದರೆ ಅದರ ಮೂರು ಆಯ್ಕೆಗಳನ್ನು ಅರ್ಥ ಮಾಡಿಕೊಂಡೇ ಮುಂದುವರಿಯಬೇಕು. ಮೊದಲನೆಯದು ಡಿಇಂಟರ್‌ಲೇಸ್. ಹಳೆಯ ಟೇಪಿನ ಪ್ರತಿ ಫ್ರೇಮಿನಲ್ಲಿ ಬೆಸ ಗೆರೆಗಳು ಒಂದು ಕ್ಷಣದವು, ಸರಿ ಗೆರೆಗಳು ಸೆಕೆಂಡಿನ ಐವತ್ತನೆಯ ಒಂದು ಭಾಗದಷ್ಟು ಆಚೀಚಿನವು. ಹಳೆಯ ದಪ್ಪ ಟಿವಿಯಲ್ಲಿ ಇದು ತಿಳಿಯುತ್ತಿರಲಿಲ್ಲ. ಇಂದಿನ ಪರದೆಯ ಮೇಲೆ ಅಕ್ಷತೆ ಎರಚುವ ಕೈಗಳ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಗೆರೆಗಳಾಗಿ ಎದ್ದು ಕಾಣುತ್ತದೆ. ಫಿಲ್ಟರುಗಳ ಪುಟದಲ್ಲಿ ಡಿಇಂಟರ್‌ಲೇಸ್ ಎಂಬಲ್ಲಿ ಯಾಡಿಫ್ ಅಥವಾ ಬಿಡಬ್ಲ್ಯುಡಿಫ್ ಅನ್ನು ಆರಿಸಿ, ಅದರಡಿಯಲ್ಲಿ ಬಾಬ್ ಎಂಬುದನ್ನು ಆಯ್ದು, ಫ್ರೇಮಿನ ವೇಗವನ್ನು 50ಕ್ಕೆ ಇಟ್ಟರೆ ಹಲ್ಲುಗಳು ಮಾಯವಾಗುವುದಲ್ಲದೆ ಚಲನೆಯೂ ಮೊದಲಿನಷ್ಟೇ ನಯವಾಗಿ ಉಳಿಯುತ್ತದೆ. ಎರಡನೆಯದು ಕೊಡೆಕ್. 2003ರ ಎಚ್.264 ಹಳೆಯದಾದರೂ ಮನೆಯ ಎಲ್ಲ ಟಿವಿ, ಫೋನುಗಳಲ್ಲಿ ಓಡುವುದು ಅದೇ. ಎಂಪಿ4 ಹೊದಿಕೆಯಲ್ಲಿ, ಎಎಸಿ ಧ್ವನಿಯೊಂದಿಗೆ, ಗುಣಮಟ್ಟವನ್ನು ನಿರ್ಧರಿಸುವ ಆರ್‌ಎಫ್ ಮೌಲ್ಯವನ್ನು 20ರ ಆಸುಪಾಸು ಇಡಿ. ಟೇಪಿನ ಚಿತ್ರದ ಕಾಳುಕಾಳು ಕೊಡೆಕ್‌ಗೆ ಕಷ್ಟ ಕೊಡುವುದರಿಂದ ಕಡತ ಊಹೆಗಿಂತ ದೊಡ್ಡದಾದರೆ ಗಾಬರಿ ಬೇಡ. ಮೂರನೆಯದು ಚಿತ್ರದ ಆಕಾರ: ಹಳೆಯ ವಿಡಿಯೊ 4:3 ಅನುಪಾತದ್ದು, ಪಕ್ಕದಲ್ಲಿ ಕಪ್ಪು ಪಟ್ಟಿ ಉಳಿಯಲಿ, ಪರದೆ ತುಂಬಲೆಂದು ಎಳೆದರೆ ಮದುಮಗಳ ಮುಖ ಹಪ್ಪಳದಂತೆ ಅಗಲವಾಗುತ್ತದೆ. 352×288ರ ವಿಸಿಡಿಯನ್ನು ಹಿಗ್ಗಿಸಿ ಹೈ ಡೆಫಿನಿಷನ್ ಮಾಡುವ ಆಸೆಯನ್ನೂ ಬಿಡಿ, ಇಲ್ಲದ ವಿವರ ಎಲ್ಲಿಂದಲೂ ಬರುವುದಿಲ್ಲ.

ಫೋನಿನ ವಿಡಿಯೊಗಳನ್ನು ತಂತಿಯ ಮೂಲಕ ನೇರವಾಗಿ ಇಳಿಸಿಕೊಳ್ಳಬೇಕು. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ್ದು ಕುಗ್ಗಿಹೋಗಿರುತ್ತದೆ. ಬೇರೆ ದಾರಿಯಿಲ್ಲದಿದ್ದರೆ ಡಾಕ್ಯುಮೆಂಟ್ ರೂಪದಲ್ಲಿ ಕಳಿಸಲು ನೆಂಟರಿಗೆ ಹೇಳಿ.

ಕಡತಗಳ ಹೆಸರು ದಿನಾಂಕದಿಂದ ಆರಂಭವಾಗಲಿ, ಅದೂ ವರ್ಷ ಮೊದಲು: 1994-05-22 ಧಾರೆ ಟೇಪು 2, ಎಂಬಂತೆ. ಆಗ ತಾವಾಗಿಯೇ ಕಾಲಕ್ರಮದಲ್ಲಿ ನಿಲ್ಲುತ್ತವೆ. ಹೆಸರನ್ನು ಕನ್ನಡದಲ್ಲೇ ಇಡಬಹುದು, ಆದರೆ ಯುನಿಕೋಡ್‌ನಲ್ಲಿ ಟೈಪಿಸಿ. ನುಡಿಯ ಹಳೆಯ ಆಸ್ಕಿ ಫಾಂಟಿನ ಪಠ್ಯವನ್ನು ಅಂಟಿಸಿದರೆ ಟಿವಿಯ ಮೇಲೆ ಅರ್ಥವಿಲ್ಲದ ಚಿಹ್ನೆಗಳು ಮೂಡುತ್ತವೆ.

ಮೂಲಪ್ರತಿಗಳು ಕನಿಷ್ಠ ಎರಡು ಹಾರ್ಡ್ ಡಿಸ್ಕುಗಳಲ್ಲಿರಬೇಕು, ಅವುಗಳಲ್ಲಿ ಒಂದು ಬೇರೆ ಮನೆಯಲ್ಲಿ, ಉದಾಹರಣೆಗೆ ತವರಿನಲ್ಲಿ, ಇರಬೇಕು. ಒಂದೇ ಪೆಟ್ಟಿಗೆಯೊಳಗೆ ಎರಡು ಡಿಸ್ಕು ಜೋಡಿಸಿ, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ತಾನಾಗಿ ಬರೆಯುವಂತೆ ರೇಡ್ ಮಾಡಿಕೊಂಡವರು ಒಂದು ಡಿಸ್ಕು ಸತ್ತಾಗ ಬದುಕುತ್ತಾರೆ, ಕೈತಪ್ಪಿ ಅಳಿಸಿದಾಗ ಅಥವಾ ಸಿಡಿಲು ಬಡಿದಾಗ ಎರಡನ್ನೂ ಕಳೆದುಕೊಳ್ಳುತ್ತಾರೆ. ಡಿಸ್ಕನ್ನು ಎಕ್ಸ್‌ಫ್ಯಾಟ್‌ನಲ್ಲಿ ಫಾರ್ಮ್ಯಾಟ್ ಮಾಡಿ, ಏಕೆಂದರೆ ಫ್ಯಾಟ್32 4 ಜಿಬಿಗಿಂತ ದೊಡ್ಡ ಕಡತವನ್ನು ಒಪ್ಪುವುದಿಲ್ಲ. ವರ್ಷಕ್ಕೊಮ್ಮೆ, ಬೇಕಾದರೆ ಆಯುಧಪೂಜೆಯ ದಿನವೇ, ಎರಡನ್ನೂ ಓಡಿಸಿ, ಕಡತ ಬದಲಾಗಿಲ್ಲವೆಂದು ತೋರಿಸುವ ಲೆಕ್ಕದ ಗುರುತಾದ ಚೆಕ್‌ಸಮ್ ಹೋಲಿಸಿ ನೋಡಿ. ಸುಮ್ಮನೆ ಇಡಲು ಎಸ್‌ಎಸ್‌ಡಿ ಒಳ್ಳೆಯದಲ್ಲ. ವಿದ್ಯುತ್ತಿಲ್ಲದೆ ಬಹುಕಾಲ ಬಿದ್ದರೆ ಅದು ಬರೆದದ್ದನ್ನು ಮರೆಯಬಹುದು.

ಟಿವಿಗೆ ಹರಿಸಲು ಮೂಲೆಗೆ ಬಿದ್ದ ಹಳೆಯ ಲ್ಯಾಪ್‌ಟಾಪಿನಲ್ಲಿ, ಮನೆಯ ಜಾಲದ ಮೂಲಕ ವಿಡಿಯೊ ಹರಿಸುವ ಜೆಲ್ಲಿಫಿನ್ ತಂತ್ರಾಂಶ ಹಾಕಿ, ನೋಡುವ ಪ್ರತಿಗಳ ಫೋಲ್ಡರನ್ನು ತೋರಿಸಿ, ಆಂಡ್ರಾಯ್ಡ್ ಟಿವಿಯಲ್ಲಿ ಅದರ ಆ್ಯಪ್ ತೆರೆದು ಲ್ಯಾಪ್‌ಟಾಪಿನ ಐಪಿ ವಿಳಾಸವನ್ನೂ 8096 ಎಂಬ ಪೋರ್ಟನ್ನೂ ಕೊಟ್ಟರಾಯಿತು. ಆ ವಿಳಾಸ ಬದಲಾಗದಂತೆ ರೂಟರಿನಲ್ಲಿ ಕಾಯ್ದಿರಿಸಿ. ಲೈಬ್ರರಿಯ ಬಗೆಯನ್ನು ಕೇಳಿದಾಗ ಸಿನಿಮಾ ಎನ್ನದೆ ಮನೆಯ ವಿಡಿಯೊ ಎಂಬುದನ್ನೇ ಆರಿಸಿ. ಇಲ್ಲವಾದರೆ ಅದು ಅಂತರ್ಜಾಲದಲ್ಲಿ ಹುಡುಕಿ, ಅಜ್ಜಿಯ ಎಂಬತ್ತರ ಹುಟ್ಟುಹಬ್ಬಕ್ಕೆ ಯಾವುದೋ ಚಿತ್ರದ ಪೋಸ್ಟರ್ ಅಂಟಿಸುತ್ತದೆ. ವಿಡಿಯೊ ಓಡುವಾಗ ಡ್ಯಾಶ್‌ಬೋರ್ಡಿನಲ್ಲಿ ಕಡತ ಇದ್ದಂತೆಯೇ ಓಡುತ್ತಿದೆ ಎಂದರ್ಥದ ಡೈರೆಕ್ಟ್ ಪ್ಲೇ ಕಾಣುತ್ತಿದೆಯೇ ನೋಡಿ. ಟ್ರಾನ್ಸ್‌ಕೋಡ್ ಎಂದಿದ್ದರೆ ಟಿವಿಗೆ ಆ ಕಡತ ಒಗ್ಗಿಲ್ಲ, ಲ್ಯಾಪ್‌ಟಾಪ್ ಅದನ್ನು ನಿಂತಲ್ಲೇ ಪರಿವರ್ತಿಸಿ ಏದುಸಿರು ಬಿಡುತ್ತಿದೆ ಎಂದರ್ಥ. ಅಂಥ ಕಡತವನ್ನು ಹ್ಯಾಂಡ್‌ಬ್ರೇಕ್‌ಗೆ ಮತ್ತೊಮ್ಮೆ ಕೊಡಿ. ಅಮೆರಿಕದಲ್ಲಿರುವ ಅಕ್ಕನೂ ನೋಡಬೇಕೆಂದರೆ ರೂಟರಿನ ಪೋರ್ಟ್ ತೆರೆದಿಡುವುದಕ್ಕಿಂತ ದೂರದ ಸಾಧನಗಳನ್ನು ಖಾಸಗಿ ಜಾಲದಲ್ಲಿ ಬೆಸೆಯುವ ಟೇಲ್‌ಸ್ಕೇಲ್ ತಂತ್ರಾಂಶವನ್ನು ಎರಡೂ ಕಡೆ ಹಾಕಿಕೊಳ್ಳುವುದು ಭದ್ರ.

ಎಲ್ಲ ಸಿದ್ಧವಾದ ಮೇಲೆ ಹಿರಿಯರನ್ನು ಟಿವಿಯ ಮುಂದೆ ಕೂರಿಸಿ. ಊಟದ ಪಂಕ್ತಿಯ ಮೇಲೆ ಕ್ಯಾಮೆರಾ ಸಾಗುವಾಗ ಅವರು ಗುರುತಿಸುವ ಹೆಸರು, ಊರು, ಸಂಬಂಧಗಳನ್ನು ನಿಮಿಷ-ಸೆಕೆಂಡಿನ ಸಮೇತ ಒಂದು ಪಠ್ಯ ಕಡತದಲ್ಲಿ ಬರೆದು, ವಿಡಿಯೊದ ಹೆಸರನ್ನೇ ಅದಕ್ಕೂ ಕೊಟ್ಟು, ಮೂಲಪ್ರತಿಯ ಪಕ್ಕದಲ್ಲಿ, ಎರಡೂ ಡಿಸ್ಕುಗಳಲ್ಲಿ ಇಡಿ.