ಸ್ಟೆಂಟ್ ಹಾಕಿಸಿಕೊಂಡ ಮೇಲೆ ಎದೆನೋವು: ಯಾವಾಗ ಫೋನ್ ಮಾಡಬೇಕು, ಯಾವಾಗ ಓಡಬೇಕು?

ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದಾಗಿದೆ. ಮಾರನೇ ದಿನ ಎದೆಯಲ್ಲಿ ಏನೋ ಚುಳುಕ್ ಅನ್ನುತ್ತದೆ. ‘ಬ್ಲಾಕ್ ತೆಗೆದರಲ್ಲ, ಮತ್ಯಾಕೆ ನೋವು?’ ಅಂತ ಕೆಲವರಿಗೆ ಗಾಬರಿ. ಇನ್ನು ಕೆಲವರು ‘ಗ್ಯಾಸ್ ಇರಬೇಕು ಬಿಡಿ’ ಅಂತ ಜೀರಿಗೆ ಕಷಾಯ ಕುಡಿದು ಮಲಗಿಬಿಡುತ್ತಾರೆ. ಗಾಬರಿಯಾಗುವವರಿಗಿಂತ ಇವರ ಬಗ್ಗೆಯೇ ಭಯ ಜಾಸ್ತಿ.

ಮೊದಲು ನೋವಿನ ಸ್ವಭಾವ ನೋಡಿ. ಬಲೂನು ಊದಿಸಿ ಸ್ಟೆಂಟ್ ಎಂಬ ಲೋಹದ ಜಾಲರಿಯನ್ನು ರಕ್ತನಾಳದ ಗೋಡೆಗೆ ಒತ್ತಿ ಕೂರಿಸಿರುತ್ತಾರೆ. ನಾಳ ಹಿಗ್ಗಿದ್ದಕ್ಕೆ ಕೆಲವು ದಿನ ಸಣ್ಣಗೆ ನೋಯಬಹುದು. ಬೆರಳಿಟ್ಟು ಒತ್ತಿದರೆ, ಮಗ್ಗುಲು ಬದಲಿಸಿದರೆ ಹೆಚ್ಚಾಗುವ ನೋವು ಸಾಮಾನ್ಯವಾಗಿ ಸ್ನಾಯುವಿನದ್ದು. ಇಂಥದ್ದನ್ನೂ ಡಾಕ್ಟರಿಗೆ ಫೋನ್ ಮಾಡಿ ಹೇಳಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಟಿಕಾಗ್ರೆಲಾರ್ ಮಾತ್ರೆಯಿಂದ ಕೆಲವರಿಗೆ ಉಸಿರು ಕಟ್ಟಿದಂತಾಗುವುದೂ ಉಂಟು. ಹಾಗಂತ ನೀವೇ ನಿಲ್ಲಿಸಬೇಡಿ, ಬೇರೆ ಮಾತ್ರೆ ಬರೆದುಕೊಡುತ್ತಾರೆ.

ಈಗ ಓಡಬೇಕಾದ ನೋವು. ಎದೆಯ ನಡುವೆ ಭಾರ ಹೇರಿದಂತೆ ಹಿಂಡುತ್ತದೆ. ಎಡಗೈ, ದವಡೆ, ಬೆನ್ನಿಗೆ ಹಬ್ಬುತ್ತದೆ. ತಣ್ಣನೆ ಬೆವರು, ವಾಂತಿ, ಏದುಸಿರು. ಸಕ್ಕರೆ ಕಾಯಿಲೆಯವರಿಗೆ, ವಯಸ್ಸಾದವರಿಗೆ ನೋವೇ ಇಲ್ಲದೆ ಬರೀ ಬೆವರು, ಸುಸ್ತು ಬರಬಹುದು. ‘ಸ್ಟೆಂಟ್‌ಗೆ ಮುಂಚೆ ಇದ್ದಂಥದ್ದೇ ನೋವು’ ಅನಿಸಿದರೆ ಯೋಚಿಸುತ್ತಾ ಕೂರಬೇಡಿ.

ಆಗ ಇದ್ದ ಜಾಗದಲ್ಲೇ ಕುಳಿತುಬಿಡಿ. ಡಾಕ್ಟರ್ ಸಾರ್ಬಿಟ್ರೇಟ್ (ರಕ್ತನಾಳ ಹಿಗ್ಗಿಸಿ ಎದೆನೋವು ಇಳಿಸುವ ಮಾತ್ರೆ) ಬರೆದುಕೊಟ್ಟಿದ್ದರೆ ಒಂದು ಮಾತ್ರೆ ನಾಲಿಗೆ ಕೆಳಗಿಡಿ. ನಿಂತು ಇಟ್ಟುಕೊಂಡರೆ ಬಿ.ಪಿ. ಇಳಿದು ತಲೆಸುತ್ತಿ ಬೀಳಬಹುದು. ವಯಾಗ್ರದಂಥ ಮಾತ್ರೆ ತೆಗೆದುಕೊಂಡಿದ್ದರೆ ಇದನ್ನು ಇಡಲೇಬಾರದು. ನಾಚಿಕೆ ಬಿಟ್ಟು ಹೇಳಿಬಿಡಿ. ಐದು ನಿಮಿಷದಲ್ಲಿ ನೋವು ಇಳಿಯದಿದ್ದರೆ 108ಕ್ಕೆ ಕರೆ ಮಾಡಿ. ಮಾತ್ರೆಯೇ ಇಲ್ಲದಿದ್ದರೆ, ಅಥವಾ ಬೆವರು, ಏದುಸಿರು ಇದ್ದರೆ ಐದು ನಿಮಿಷವೂ ಕಾಯಬೇಡಿ. ಸ್ಕೂಟರ್ ಹತ್ತಿ ಹೊರಡುವ ಸಾಹಸವಂತೂ ಬೇಡವೇ ಬೇಡ.

ಇಷ್ಟು ಗಡಿಬಿಡಿ ಯಾಕೆ ಅಂದರೆ, ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಬಹುದು. ಮೊದಲ 30 ದಿನ ಈ ಅಪಾಯ ಹೆಚ್ಚು. ಆಸ್ಪಿರಿನ್ ಜೊತೆಗೆ ಕ್ಲೊಪಿಡೊಗ್ರೆಲ್ ಅಥವಾ ಟಿಕಾಗ್ರೆಲಾರ್, ಹೀಗೆ ಎರಡೆರಡು ಮಾತ್ರೆ ಕೊಡುವುದು ಅದಕ್ಕೇ. ಸಾಮಾನ್ಯವಾಗಿ 6ರಿಂದ 12 ತಿಂಗಳು ಎರಡೂ ಬೇಕು. ಹಲ್ಲು ಕೀಳಿಸಲು ಹೋದಾಗ ‘ರಕ್ತ ತೆಳು ಮಾಡುವ ಮಾತ್ರೆ ನಿಲ್ಲಿಸಿ ಬನ್ನಿ’ ಅಂದರೆ, ಹೃದಯದ ಡಾಕ್ಟರನ್ನು ಕೇಳದೆ ಒಪ್ಪಬೇಡಿ.

ಕೆಲವು ತಿಂಗಳಾದ ಮೇಲೆ ಮೆಟ್ಟಿಲು ಹತ್ತಿದಾಗ ಎದೆ ಹಿಡಿದು, ನಿಂತರೆ ಬಿಟ್ಟರೆ? ನಾಳ ಮತ್ತೆ ಕಿರಿದಾಗುತ್ತಿರಬಹುದು, ಅಥವಾ ಬೇರೆ ಕಡೆ ಬ್ಲಾಕ್ ಇರಬಹುದು. ಮುಂದಿನ ಚೆಕಪ್ ತನಕ ಕಾಯದೆ ಹೋಗಿ. ಎಷ್ಟು ಮೆಟ್ಟಿಲಿಗೆ ಬಂತು, ಎಷ್ಟು ಹೊತ್ತಿತ್ತು ಅಂತ ಬರೆದಿಟ್ಟುಕೊಳ್ಳಿ. ಡಿಸ್ಚಾರ್ಜ್ ಸಮ್ಮರಿ ಮತ್ತು ಹಳೇ ಇಸಿಜಿ ಜೊತೆಗಿರಲಿ. ಹೊಸದರ ಪಕ್ಕ ಇಟ್ಟು ನೋಡಲು ಡಾಕ್ಟರಿಗೆ ಅದು ಬೇಕಾಗುತ್ತದೆ.