ಹಳೆ ಕಂಪ್ಯೂಟರ್‌ಗೆ ವಿಂಡೋಸ್ 98 ಹಾಕುವುದು ಹೇಗೆ?

ಪೆಂಟಿಯಂ 2 ಅಥವಾ 3 ಕಾಲದ ಕಂಪ್ಯೂಟರ್ ಮೂಲೆ ಸೇರಿದ್ದರೆ ಅದಕ್ಕೆ ವಿಂಡೋಸ್ 98 ಸೆಕೆಂಡ್ ಎಡಿಷನ್ ಹಾಕಿ. 1999ರಲ್ಲಿ ಬಂದದ್ದು. ಡಾಸ್ (ವಿಂಡೋಸ್‌ಗಿಂತ ಹಳೆಯ ವ್ಯವಸ್ಥೆ) ಆಟಗಳೂ ಚೆನ್ನಾಗಿ ಓಡುತ್ತವೆ.

ಕರೆಂಟ್ ಕೊಡುವ ಮುಂಚೆ ಕ್ಯಾಬಿನೆಟ್ ಬಿಚ್ಚಿ ನೋಡಿ. ನಾಣ್ಯದಂಥ ಸಿಆರ್2032 ಸೆಲ್ ಇದ್ದರೆ ಹೊಸದು ಹಾಕಿ, ಹಳೆಯದು ಸತ್ತಿದ್ದರೆ ಆನ್ ಮಾಡಿದಾಗಲೆಲ್ಲ ತಾರೀಖು, ಹಾರ್ಡ್ ಡಿಸ್ಕ್ ಸೆಟ್ಟಿಂಗ್ ಎಲ್ಲ ಅಳಿಸಿಹೋಗಿರುತ್ತೆ. ಇನ್ನೂ ಹಳೆ ಬೋರ್ಡ್‌ಗಳಲ್ಲಿ ಪುಟ್ಟ ಪೀಪಾಯಿಯಂಥ ಬ್ಯಾಟರಿಯನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಅದರ ಸುತ್ತ ಹಸಿರು ಕಿಲುಬು ಕಂಡರೆ ಸೋರಿದೆ ಎಂದೇ ಲೆಕ್ಕ. ಅದು ತಾಮ್ರದ ಗೆರೆಗಳನ್ನು ತಿಂದುಹಾಕುತ್ತೆ, ಮೊದಲು ಅದನ್ನು ತೆಗೆಸಿ.

ರ‍್ಯಾಮ್ 512 ಎಂಬಿ ದಾಟದಿರಲಿ, ಡಿಸ್ಕ್ 137 ಜಿಬಿ ದಾಟದಿರಲಿ. ಜಾಸ್ತಿಯಾದರೆ ಅನುಕೂಲಕ್ಕಿಂತ ತೊಂದರೆಯೇ ಹೆಚ್ಚು.

ಬಯಾಸ್‌ನಲ್ಲಿ (ಆನ್ ಮಾಡಿದ ಕೂಡಲೇ ತೆರೆಯಬಹುದಾದ ಸೆಟ್ಟಿಂಗ್ ಪರದೆ) ಫ್ಲಾಪಿಯನ್ನು ಮೊದಲಿಗಿಟ್ಟು, ವಿಂಡೋಸ್ 98ರ ಸ್ಟಾರ್ಟಪ್ ಫ್ಲಾಪಿಯಿಂದ ಬೂಟ್ ಮಾಡಿ, ಅಂದರೆ ಕಂಪ್ಯೂಟರ್ ಶುರು ಮಾಡಿ. ಸಿಡಿ ಬೆಂಬಲ ಬೇಕೆಂದು ಆರಿಸಿ. ಎಫ್‌ಡಿಸ್ಕ್ (ಡಿಸ್ಕನ್ನು ಭಾಗ ಮಾಡುವ ಪ್ರೋಗ್ರಾಂ) ಓಡಿಸಿದಾಗ ದೊಡ್ಡ ಡಿಸ್ಕ್ ಬೆಂಬಲ ಬೇಕಾ ಎಂದು ಕೇಳುತ್ತೆ, ‘ವೈ’ ಒತ್ತಿ, ಆಗಲೇ ದೊಡ್ಡ ಡಿಸ್ಕಿಗೆ ಬೇಕಾದ ಫ್ಯಾಟ್32 ಫೈಲ್ ವ್ಯವಸ್ಥೆ ಸಿಗುವುದು. ಪ್ರೈಮರಿ ಪಾರ್ಟಿಷನ್ (ಡಿಸ್ಕಿನ ಮುಖ್ಯ ಭಾಗ) ಮಾಡಿ ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಲೇಬೇಕು, ಆಮೇಲೆ ‘ಸಿ’ ಡ್ರೈವ್ ಫಾರ್ಮ್ಯಾಟ್. ಇದರಿಂದ ಡಿಸ್ಕ್‌ನಲ್ಲಿ ಇದ್ದದ್ದೆಲ್ಲ ಹೋಗುತ್ತೆ, ಬೇಕಾದ್ದನ್ನು ಮುಂಚೆಯೇ ತೆಗೆದಿಟ್ಟುಕೊಳ್ಳಿ.

ಇಲ್ಲಿ ತುಂಬ ಜನ ಗೊಂದಲಕ್ಕೆ ಬೀಳುತ್ತಾರೆ. ಫ್ಲಾಪಿ ತನ್ನ ಕೆಲಸಕ್ಕಾಗಿ ಮೆಮೊರಿಯಲ್ಲೇ ಒಂದು ಡ್ರೈವ್ ಮಾಡಿಕೊಳ್ಳುತ್ತೆ, ಹಾಗಾಗಿ ‘ಡಿ’ ಆಗಬೇಕಿದ್ದ ಸಿಡಿ ‘ಇ’ ಆಗಿರುತ್ತೆ. ಸಿಡಿ ಕೆಟ್ಟಿದೆ ಅಂತ ಸುಮ್ನೆ ಹೆದರಬೇಡಿ.

ಈಗ ಸಿಡಿಯಿಂದಲೇ ಸೆಟಪ್ ಶುರು ಮಾಡಬೇಡಿ. ಅದರಲ್ಲಿರುವ ‘ವಿನ್98’ ಫೋಲ್ಡರನ್ನು ‘ಸಿ’ ಡ್ರೈವ್‌ಗೆ ಕಾಪಿ ಮಾಡಿ, ಅಲ್ಲಿಂದ ಸೆಟಪ್ ಓಡಿಸಿ. ಈ ಒಂದು ಹೆಜ್ಜೆಯನ್ನು ಮಾತ್ರ ಬಿಡಲೇಬೇಡಿ ಎನ್ನುತ್ತೇನೆ, ಯಾಕೆಂದರೆ ಮುಂದೆ ಪ್ರಿಂಟರ್, ನೆಟ್‌ವರ್ಕ್ ಕಾರ್ಡ್ ಅಂತ ಏನು ಸೇರಿಸಿದರೂ ವಿಂಡೋಸ್ ಸಿಡಿ ಕೇಳುತ್ತಲೇ ಇರುತ್ತೆ, ಫೈಲುಗಳು ಡಿಸ್ಕ್‌ನಲ್ಲೇ ಇದ್ದರೆ ಅಲ್ಲಿಂದಲೇ ತೆಗೆದುಕೊಳ್ಳುತ್ತೆ. ಹಳೆ ಸಿಡಿ ಡ್ರೈವ್ ನಡುವೆ ಕೈಕೊಟ್ಟರೂ ಚಿಂತೆಯಿಲ್ಲ, ಅಲ್ವಾ?

ಸೆಟಪ್ ಮುಗಿದ ಮೇಲೆ ಮೊದಲು ಚಿಪ್‌ಸೆಟ್ (ಬೋರ್ಡಿನ ಮುಖ್ಯ ಚಿಪ್‌ಗಳು) ಡ್ರೈವರ್, ಅಂದರೆ ಆ ಭಾಗವನ್ನು ವಿಂಡೋಸ್ ಬಳಸಲು ಬೇಕಾದ ಸಾಫ್ಟ್‌ವೇರ್ ಹಾಕಿ, ಆಮೇಲೆ ಗ್ರಾಫಿಕ್ಸ್, ಸೌಂಡ್. ಒಂದೊಂದಾದ ಮೇಲೂ ರೀಸ್ಟಾರ್ಟ್ ಮಾಡಿ, ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತು (ಡ್ರೈವರ್ ಸರಿಯಿಲ್ಲ ಎಂದರ್ಥ) ಉಳಿದಿದೆಯಾ ನೋಡಿ. ಪೆನ್‌ಡ್ರೈವ್‌ಗೂ ಬೇರೆ ಡ್ರೈವರ್ ಬೇಕು, ಆದ್ದರಿಂದ ಇವನ್ನೆಲ್ಲ ಮೊದಲೇ ಒಂದು ಸಿಡಿಗೆ ಬರೆದಿಟ್ಟುಕೊಳ್ಳಿ. ಇಂಟರ್‌ನೆಟ್‌ಗೆ ಮಾತ್ರ ಜೋಡಿಸಬೇಡಿ, ಇದಕ್ಕೆ ಭದ್ರತಾ ಅಪ್‌ಡೇಟ್‌ಗಳು 2006ರ ಜುಲೈನಲ್ಲೇ ನಿಂತುಹೋಗಿವೆ.